ಪಣಕ್ಕಿಟ್ಟ ಮುಖವಾಡ

ಹೆಸರನ್ನು ಮರೆಸಿಕೊಂಡು ಮಲ್ಲಯುದ್ಧಕ್ಕಿಳಿದವರಲ್ಲಿ ನಮಗೆಲ್ಲ ಗೊತ್ತಿರುವವನು ಭೀಮಸೇನ. ಅಜ್ಞಾತವಾಸದ ವರ್ಷ ವಿರಾಟರಾಯನ ಅಡಿಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದಿದ್ದವನು, ಹೊರಗಿನಿಂದ ಬಂದ ಜಟ್ಟಿಯೊಬ್ಬ ಎದುರಾಳಿಯಿಲ್ಲದೆ ಮೆರೆಯುತ್ತಿದ್ದಾಗ ಅರಸನ ಮಾತಿಗೆ ಕಟ್ಟುಬಿದ್ದು ಕಣಕ್ಕಿಳಿದ. ಗೆಲ್ಲುವುದು ಅವನಿಗೆ ಕಷ್ಟವಾಗಿರಲಿಲ್ಲ. ಗುರುತು ಸಿಗದಂತೆ ಗೆಲ್ಲುವುದೇ ಕಷ್ಟವಾಗಿತ್ತು. ಗುರುತು ಹತ್ತಿದರೆ ಮತ್ತೆ ಹನ್ನೆರಡು ವರ್ಷ ಕಾಡು.

ಇದು ಪುರಾಣದ ಮಾತಾಯಿತು. ಆದರೆ ಗುರುತನ್ನೇ ಪಣವಾಗಿಟ್ಟು ಮಲ್ಲರು ಹೋರಾಡುವ ದೇಶವೊಂದು ಈಗಲೂ ಉಂಟು. ಅದು ಮೆಕ್ಸಿಕೋ. ಅಲ್ಲಿನ ಜಟ್ಟಿ ತಲೆಯಿಂದ ಗದ್ದದವರೆಗೆ ಬಿಗಿಯಾದ ಬಣ್ಣದ ಮುಖವಾಡ ತೊಟ್ಟು ಕಣಕ್ಕೆ ಬರುತ್ತಾನೆ. ಇಪ್ಪತ್ತು ಮೂವತ್ತು ವರ್ಷ ಕಳೆದರೂ ಅವನ ಮುಖ ಹೇಗಿದೆಯೆಂದು ಪ್ರೇಕ್ಷಕರಿಗೆ ತಿಳಿಯದು; ತಂದೆತಾಯಿ ಇಟ್ಟ ಹೆಸರೂ ತಿಳಿಯದು. ಹೀಗಿರುವಾಗ ಒಂದು ದಿನ ಇಬ್ಬರು ಜಟ್ಟಿಗಳು ಮುಖವಾಡಕ್ಕೆ ಮುಖವಾಡ ಪಣವೆಂದು ಒಪ್ಪಂದಕ್ಕೆ ರುಜು ಹಾಕುತ್ತಾರೆ. ಸೋತವನು ತುಂಬಿದ ಸಭೆಯ ನಡುವೆ ಮುಖವಾಡ ಕಳಚಿ ಗೆದ್ದವನ ಕೈಗೆ ಕೊಡಬೇಕು. ಆಮೇಲೆ ತನ್ನ ನಿಜವಾದ ಹೆಸರು, ಹುಟ್ಟಿದ ಊರು, ಎಷ್ಟು ವರ್ಷದಿಂದ ಈ ವೃತ್ತಿಯಲ್ಲಿದ್ದೇನೆಂಬುದು, ಈ ಮೂರನ್ನೂ ಎಲ್ಲರೂ ಕೇಳುವಂತೆ ಹೇಳಬೇಕು. ಆ ಮುಖವಾಡವನ್ನು ಅವನು ಮತ್ತೆ ಎಂದಿಗೂ ತೊಡುವಂತಿಲ್ಲ.

ಮುಂಬಯಿಯಲ್ಲಿ ಬಹುಕಾಲದಿಂದ ನೆಲೆಸಿರುವ ಹಿರಿಯರಿಗೆ ವರಳಿಯ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣದ ಕುಸ್ತಿಗಳು ನೆನಪಿರಬಹುದು. ದಾರಾ ಸಿಂಗ್, ಕಿಂಗ್‌ಕಾಂಗ್ ಎಂಬ ಹೆಸರುಗಳನ್ನು ಕೇಳಿದರೆ ಸಾಕು, ಮನೆಯ ಅಜ್ಜಂದಿರು ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಮೆಕ್ಸಿಕೋದ ಕುಸ್ತಿಯೂ ಅದೇ ಜಾತಿಯದು. ಆದರೆ ಅಲ್ಲಿ ಪಣಕ್ಕೆ ಬೀಳುವ ವಸ್ತು ಬೇರೆ. ಆ ಒಂದು ವಸ್ತುವಿನಿಂದಾಗಿ ಆಟದ ತೂಕವೇ ಬೇರೆಯಾಗಿದೆ.

ಆಟದ ಕಟ್ಟಳೆ

ಈ ಕುಸ್ತಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಲೂಚಾ ಲೀಬ್ರೆ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ್ವಚ್ಛಂದ ಕಾಳಗ. ಕುಸ್ತಿಯಾಡುವವನು ಲುಚದೋರ್. ಕಾಳಗ ಮೂರು ಸುತ್ತಿನದು. ಎರಡು ಸುತ್ತು ಗೆದ್ದವನಿಗೆ ಜಯ. ಎದುರಾಳಿಯ ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದು ಪಂಚನು ಮೂರು ಎಣಿಸುವ ತನಕ ಬಿಡದಿದ್ದರೆ ಒಂದು ಸುತ್ತು ಗೆದ್ದಂತೆ. ಕೈಕಾಲು ತಿರುಚಿಯೋ ಬೆನ್ನು ಬಗ್ಗಿಸಿಯೋ 'ಸಾಕು' ಎನ್ನಿಸಿದರೂ ಗೆದ್ದಂತೆಯೇ. ಹಗ್ಗದಾಚೆ ಹಾರಿದವನು ಇಪ್ಪತ್ತು ಎಣಿಸುವುದರೊಳಗೆ ಹಿಂದಿರುಗಬೇಕು. ತಲೆಯನ್ನು ನೇರವಾಗಿ ನೆಲಕ್ಕೆ ಕುಕ್ಕುವ ಪಟ್ಟು ನಿಷಿದ್ಧ. ಎದುರಾಳಿಯ ಮುಖವಾಡವನ್ನು ಕಿತ್ತು ತೆಗೆಯುವುದೂ ನಿಷಿದ್ಧ. ಕಿತ್ತವನು ಅಲ್ಲಿಗೇ ಸೋತ.

ಜಟ್ಟಿಗಳಲ್ಲಿ ಎರಡು ಪಂಗಡ. ನಿಯಮ ಪಾಲಿಸಿ ಚಾಕಚಕ್ಯದಿಂದ ಆಡುವವರು ತೆಕ್ನಿಕೊಗಳು. ಪಂಚನ ಕಣ್ಣುತಪ್ಪಿಸಿ ಗುದ್ದುವ, ಕಚ್ಚುವ, ಮುಖವಾಡ ಹರಿಯುವ ಒರಟರು ರೂದೊಗಳು. ನಮ್ಮ ಯಕ್ಷಗಾನದಲ್ಲಿ ನಾಯಕನ ವೇಷಕ್ಕೂ ಬಣ್ಣದ ವೇಷಕ್ಕೂ ಬೇರೆ ಬೇರೆ ಅಭಿಮಾನಿಗಳಿರುವಂತೆ ಇಲ್ಲಿಯೂ ಇದ್ದಾರೆ. ಸಜ್ಜನರೆಂದು ಹೆಸರಾದ ಗೃಹಸ್ಥರು ಶುಕ್ರವಾರ ಸಂಜೆ ಹೆಂಡತಿ ಮಕ್ಕಳೊಡನೆ ಬಂದು ಕುಳಿತು, ಒರಟನ ಪರವಾಗಿ ಗಂಟಲು ಹರಿಯುವಂತೆ ಕೂಗುತ್ತಾರೆ. ಅಜ್ಜಿಯರು ಕೂಗುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಬಾಗಿಲ ಹೊರಗೆ ಮುಖವಾಡ ಮಾರುವ ಅಂಗಡಿಗಳ ಸಾಲು. ಮಕ್ಕಳು ತಮಗೆ ಬೇಕಾದ ಜಟ್ಟಿಯ ಮುಖವಾಡ ತೊಟ್ಟೇ ಒಳಗೆ ಬರುತ್ತಾರೆ.

ಸಾಮಾನ್ಯ ದಿನಗಳಲ್ಲಿಯೂ ರೂದೊ ಎದುರಾಳಿಯ ಮುಖವಾಡಕ್ಕೆ ಕೈ ಹಾಕುವುದುಂಟು. ಅಕಸ್ಮಾತ್ತಾಗಿ ಅದು ಕಳಚಿತೆನ್ನಿ: ಆ ಜಟ್ಟಿ ಬಿದ್ದಲ್ಲಿಯೇ ಬೋರಲಾಗಿ ಎರಡು ಕೈಯಿಂದಲೂ ಮುಖ ಮುಚ್ಚಿಕೊಳ್ಳುತ್ತಾನೆ. ಜೊತೆಯವರು ಓಡಿಬಂದು ಟವೆಲು ಹೊದಿಸುತ್ತಾರೆ. ಪೆಟ್ಟಿಗೆ ಅಂಜದ ಆಳು ಮುಖಕ್ಕೆ ಅಂಜುತ್ತಾನೆ.

ಚಮ್ಮಾರಿಕೆಯಿಂದ ಹುಟ್ಟಿದ ಮುಖವಾಡ

ಈ ಆಟಕ್ಕೆ ಮೆಕ್ಸಿಕೋದಲ್ಲಿ ಭದ್ರವಾದ ನೆಲೆ ಮಾಡಿಕೊಟ್ಟವರು ಸಾಲ್ವದೋರ್ ಲುತ್ತೆರೋತ್. ಮೊದಲು ಸೈನ್ಯದಲ್ಲಿದ್ದು ಆಮೇಲೆ ತೆರಿಗೆ ಇಲಾಖೆಯ ಉದ್ಯೋಗಕ್ಕೆ ಸೇರಿದವರು. ಗಡಿಯ ಊರಾದ ಸಿಯುದಾದ್ ಹುವಾರೆಸ್‌ನಲ್ಲಿ ಕೆಲಸ; ಸೇತುವೆ ದಾಟಿದರೆ ಅಮೆರಿಕದ ಎಲ್ ಪಾಸೊ ಪಟ್ಟಣ. ೧೯೨೯ರ ಸುಮಾರಿಗೆ ಅಲ್ಲಿ ಕುಸ್ತಿ ನೋಡಿ ಮರುಳಾದರು. ೧೯೩೩ನೆಯ ಇಸವಿ ಸೆಪ್ಟೆಂಬರ್ ೨೧ರಂದು ಮೆಕ್ಸಿಕೋ ನಗರದಲ್ಲಿ ತಮ್ಮದೇ ಸಂಸ್ಥೆಯ ಮೊದಲ ಕುಸ್ತಿಯನ್ನು ನಡೆಸಿಯೇ ಬಿಟ್ಟರು. ಆ ಸಂಸ್ಥೆ ಹೆಸರು ಬದಲಿಸಿಕೊಂಡು ಇಂದಿಗೂ ನಡೆದುಬಂದಿದೆ. ೧೯೪೩ರ ಏಪ್ರಿಲಿನಲ್ಲಿ ಅರೇನಾ ಕೊಲಿಸೆಯೊ ಎಂಬ ಸಭಾಂಗಣ ತೆರೆಯಿತು. ಇದಕ್ಕೆ ಲಾಟರಿಯಲ್ಲಿ ಬಂದ ಹಣ ನೆರವಾಯಿತೆಂದು ಹೇಳುತ್ತಾರೆ. ೧೯೫೬ರ ಏಪ್ರಿಲಿನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಅರೇನಾ ಮೆಕ್ಸಿಕೋ ತೆರೆಯಿತು. ೧೯೬೮ರ ಒಲಿಂಪಿಕ್ ಕೂಟದ ಮುಷ್ಟಿಯುದ್ಧಗಳು ನಡೆದದ್ದು ಇದೇ ಕಟ್ಟಡದಲ್ಲಿ.

ಮುಖವಾಡ ಬಂದದ್ದು ಹೇಗೆ? ಮೆಕ್ಸಿಕೋದ ಪುರಾತನ ಆಸ್ತೆಕ ವೀರರು ಹದ್ದಿನ, ಚಿರತೆಯ ವೇಷ ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದರು. ಅದರದೇ ಮುಂದುವರಿಕೆ ಇದೆಂದು ಹಲವರು ಅಭಿಮಾನದಿಂದ ಹೇಳುವುದುಂಟು. ಮುಖವಾಡದ ಮೇಲಿನ ಪ್ರೀತಿ ಆ ನೆಲಕ್ಕೆ ಹಳೆಯದೆಂಬುದು ನಿಜವೇ. ಆದರೆ ಕುಸ್ತಿಯ ಕಣದಲ್ಲಿ ಮೊದಲ ಮುಖವಾಡ ಕಂಡದ್ದು ಸಿಕ್ಲೋನ್ ಮಕೇ ಎಂಬ ಅಮೆರಿಕದ ಜಟ್ಟಿಯ ತಲೆಯ ಮೇಲೆ, ೧೯೩೪ರ ಸುಮಾರಿಗೆ. ಅದನ್ನು ಹೊಲಿದವರು ಅಂತೋನಿಯೊ ಮಾರ್ತಿನೆಸ್ ಎಂಬ ಚಮ್ಮಾರರು. ಪಾದರಕ್ಷೆಗೆ ಹೆಸರಾದ ಲೆಯೋನ್ ಪಟ್ಟಣದಿಂದ ಹೊಟ್ಟೆಪಾಡಿಗಾಗಿ ರಾಜಧಾನಿಗೆ ಬಂದವರು, ಕುಸ್ತಿಯ ಹುಚ್ಚಿನವರು.

ಮೊದಲ ಮುಖವಾಡ ತಲೆಗೆ ಸರಿಯಾಗಿ ಕೂರಲಿಲ್ಲ. ಕಾಲಿಗೆ ಅಳತೆ ತೆಗೆಯುವ ಕೈಗೆ ತಲೆಯ ಅಳತೆ ಹೊಸದು ತಾನೆ! ಆದರೆ ಮಾರ್ತಿನೆಸ್ ಬಿಡಲಿಲ್ಲ. ನಾಲ್ಕು ತುಂಡುಗಳನ್ನು ಜೋಡಿಸಿ ಹೊಲಿದು, ಹಿಂಭಾಗದಲ್ಲಿ ಬೂಟಿನಂತೆಯೇ ದಾರ ಕಟ್ಟುವ ಮಾದರಿಯನ್ನು ಸಿದ್ಧಪಡಿಸಿದರು. ತಲೆಗೆ ಹದಿನೇಳು ಅಳತೆ ತೆಗೆಯುತ್ತಿದ್ದರಂತೆ. ತೊಗಲು ಹೋಗಿ ಹಿಗ್ಗುವ ಬಟ್ಟೆ ಬಂದಿದೆ, ಮಿರುಗುವ ಬಣ್ಣ ಬಂದಿದೆ. ಹಿಂದಿನ ದಾರ ಮಾತ್ರ ಹಾಗೆಯೇ ಇದೆ. ಊರು ಬಿಟ್ಟು ಬಂದ ಒಬ್ಬ ಕಸಬುದಾರನ ಕೈಯಿಂದ ಒಂದು ದೇಶದ ಗುರುತೇ ಆಗಿಹೋದ ವಸ್ತು ಹುಟ್ಟಿತೆಂಬುದು ನೆನಪಿಡಬೇಕಾದ ಮಾತು.

ಮೊದಲ ಪಣ

ಬಾವಲಿಯ ಹೆಸರಿಟ್ಟುಕೊಂಡ ಎಲ್ ಮುರ್ಸಿಯೇಲಗೊ ಎಂಬ ಜಟ್ಟಿ ಮೆಕ್ಸಿಕೋದವರೇ ಆದ ಮೊದಲ ಮುಖವಾಡಿಗರಲ್ಲಿ ಒಬ್ಬ. ೧೯೪೦ರಲ್ಲಿ ಅವನಿಗೂ ಒಕ್ತಾವಿಯೊ ಗಾವೊನಾ ಎಂಬವನಿಗೂ ಕುಸ್ತಿ ಗೊತ್ತಾಯಿತು. ಮುರ್ಸಿಯೇಲಗೊ ತೂಕದಲ್ಲಿ ಬಹಳ ಹಗುರ, ಗಾವೊನಾ ದಢೂತಿ. 'ನನ್ನ ಮುಖವಾಡ ಪಣವಾದರೆ ನಿನ್ನ ತಲೆಗೂದಲೂ ಪಣವಾಗಲಿ' ಎಂದು ಬಾವಲಿಯ ಕಡೆಯಿಂದ ಷರತ್ತು ಬಂತು. ಗಾವೊನಾ ಒಪ್ಪಿದ, ಗೆದ್ದ. ಬಾವಲಿ ಮುಖವಾಡ ಕಳಚಿದ. ಒಳಗಿದ್ದವನು ಹೆಸುಸ್ ವೆಲಾಸ್ಕೆಸ್. ಮುಖವಾಡಕ್ಕೆ ಮುಖವಾಡ, ಮುಖವಾಡಕ್ಕೆ ಕೂದಲು, ಕೂದಲಿಗೆ ಕೂದಲು ಎಂಬ ಪಣದ ಸಂಪ್ರದಾಯ ಬೆಳೆದದ್ದು ಅಲ್ಲಿಂದ. ಕೂದಲು ಸೋತವನ ತಲೆಯನ್ನು ಕಣದಲ್ಲಿಯೇ ಬೋಳಿಸುತ್ತಾರೆ. ಕೂದಲು ಮತ್ತೆ ಬೆಳೆಯುತ್ತದೆ. ಮುಖವಾಡಕ್ಕೆ ಆ ಭಾಗ್ಯವಿಲ್ಲ.

ಮುಖವಾಡ ಕಳೆದುಕೊಂಡ ವೆಲಾಸ್ಕೆಸ್ ಮೂಲೆಗೆ ಸೇರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಕುಸ್ತಿಯನ್ನು ಮುಂದುವರಿಸಿದ್ದಲ್ಲದೆ ಚಲನಚಿತ್ರಗಳಿಗೆ ಕಥೆ ಬರೆದು ಹೆಸರು ಮಾಡಿದ.

ಬೆಳ್ಳಿಯ ಮುಖವಾಡ

ಮೆಕ್ಸಿಕೋದಲ್ಲಿ ಎಲ್ ಸಾಂತೊ ಎಂಬ ಹೆಸರು ಅರಿಯದ ಮಗುವಿಲ್ಲ. ಇದ್ದಾಲ್ಗೊ ಪ್ರಾಂತದ ತುಲಾನ್ಸಿಂಗೊ ಎಂಬ ಊರಿನಲ್ಲಿ ೧೯೧೭ರಲ್ಲಿ ಹುಟ್ಟಿದ ರೊದೋಲ್ಫೊ ಗುಸ್ಮಾನ್ ಬೇರೆ ಬೇರೆ ಹೆಸರುಗಳಲ್ಲಿ ಕುಸ್ತಿಯಾಡಿ, ೧೯೪೨ರಲ್ಲಿ ಬೆಳ್ಳಿಯ ಬಣ್ಣದ ಮುಖವಾಡ ತೊಟ್ಟು 'ಸಂತ'ನಾದ. ಸಂತ, ಸೈತಾನ, ದೇವದೂತ ಎಂಬ ಮೂರು ಹೆಸರುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದ್ದರಂತೆ. ತಮಾಷೆಯೆಂದರೆ ಈ ಸಂತ ಮೊದಲ ಇಪ್ಪತ್ತು ವರ್ಷ ಆಡಿದ್ದು ಒರಟರ ಪಂಗಡದಲ್ಲಿ, ಸಜ್ಜನನಾದದ್ದು ೧೯೬೨ರಲ್ಲಿ.

ಅವನನ್ನು ಮನೆಮಾತಾಗಿಸಿದ ಕಾಳಗ ನಡೆದದ್ದು ೧೯೫೨ರ ನವೆಂಬರ್ ೭ರಂದು, ಅರೇನಾ ಕೊಲಿಸೆಯೊದಲ್ಲಿ. ಎದುರಾಳಿ ಬ್ಲ್ಯಾಕ್ ಶ್ಯಾಡೋ, ಅಂದರೆ ಕರಿನೆರಳು. ಮುಖವಾಡಕ್ಕೆ ಮುಖವಾಡ. ಮೂರು ಸುತ್ತುಗಳ ಹೋರಾಟ ಒಂದು ಗಂಟೆಗೂ ಮೇಲ್ಪಟ್ಟು ನಡೆಯಿತು. ಸಾಂತೊ ಗೆದ್ದ. ಕರಿನೆರಳಿನೊಳಗಿಂದ ಅಲೆಹಾಂದ್ರೊ ಕ್ರೂಸ್ ಎಂಬ ತರುಣ ಹೊರಬಂದ. ಕರಿನೆರಳಿಗೆ ಕಣದಲ್ಲಿ ಜೋಡಿಯಾಗಿ, 'ತಮ್ಮ'ನೆನಿಸಿಕೊಂಡು ಆಡುತ್ತಿದ್ದ ಬ್ಲೂ ಡೆಮೋನ್ ಎಂಬ ನೀಲಿ ಮುಖವಾಡದ ಜಟ್ಟಿ ಇದನ್ನು ಮನಸ್ಸಿಗೆ ಹಚ್ಚಿಕೊಂಡ. ಮರುವರ್ಷ ಸಾಂತೊನನ್ನು ಸೋಲಿಸಿ ಅವನ ವಿಶ್ವಪಟ್ಟವನ್ನು ಕಿತ್ತುಕೊಂಡ. ಆದರೆ ಇವರಿಬ್ಬರೂ ಪರಸ್ಪರ ಮುಖವಾಡವನ್ನು ಮಾತ್ರ ಎಂದೂ ಪಣಕ್ಕೆ ಒಡ್ಡಲಿಲ್ಲ.

ಸಾಂತೊ ಐವತ್ತಕ್ಕೂ ಹೆಚ್ಚು ಚಲನಚಿತ್ರಗಳಲ್ಲಿ ಮುಖವಾಡದಲ್ಲಿಯೇ ನಟಿಸಿದ. ಚಿತ್ರೀಕರಣಕ್ಕೆ ಪರದೇಶಕ್ಕೆ ಹೋಗುವಾಗ ಗಡಿಯ ಅಧಿಕಾರಿಗಳಿಗೆ ಮುಖ ತೋರಿಸಬೇಕಲ್ಲ. ಜೊತೆಯವರ ಕಣ್ಣಿಗೆ ಬೀಳದಿರಲೆಂದು ಬೇರೆ ವಿಮಾನದಲ್ಲಿ ಹೋಗುತ್ತಿದ್ದನೆಂದು ಹೇಳುತ್ತಾರೆ. ಪಣದಲ್ಲಿ ಒಮ್ಮೆಯೂ ಸೋಲಲಿಲ್ಲ. ೧೯೮೪ರ ಜನವರಿಯಲ್ಲಿ ಟೆಲಿವಿಷನ್ ಸಂದರ್ಶನವೊಂದರಲ್ಲಿ, ಯಾರೂ ನಿರೀಕ್ಷಿಸದಿರುವಾಗ, ತಾನಾಗಿಯೇ ಮುಖವಾಡವನ್ನು ಮೇಲೆತ್ತಿ ಮುಖ ತೋರಿಸಿದ. ಕೆಲವೇ ದಿನಗಳಲ್ಲಿ, ಫೆಬ್ರವರಿ ೫ರಂದು, ಹೃದಯಾಘಾತದಿಂದ ತೀರಿಕೊಂಡ. ಬೆಳ್ಳಿಯ ಮುಖವಾಡದಲ್ಲಿಯೇ ಅವನನ್ನು ಸಮಾಧಿ ಮಾಡಿದರು. ೨೦೦೦ದ ಡಿಸೆಂಬರಿನಲ್ಲಿ ಬ್ಲೂ ಡೆಮೋನ್ ತೀರಿಕೊಂಡಾಗಲೂ ಹಾಗೆಯೇ ನಡೆಯಿತು.

ಇದೆಲ್ಲ ನಾಟಕವಲ್ಲವೆ?

ಇಷ್ಟು ಓದಿದ ಮೇಲೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಇಂಥ ಕುಸ್ತಿಗಳಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯವಾಗಿರುತ್ತದೆಯಲ್ಲವೆ? ಹೌದು, ಮುಚ್ಚುಮರೆಯೇನೂ ಬೇಕಿಲ್ಲ. ಯಾರು ಗೆಲ್ಲಬೇಕೆಂಬುದು ಒಳಗಿನವರಿಗೆ ಮೊದಲೇ ಗೊತ್ತಿರುತ್ತದೆ. ಕುಸ್ತಿಯ ಗರಡಿಯಲ್ಲಿ ಪಳಗಿದವರು ಇದನ್ನು ಕುಸ್ತಿಯೆನ್ನಲು ಒಪ್ಪಲಾರರು.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಯಕ್ಷಗಾನದಲ್ಲಿ ಕೀಚಕನ ವಧೆ ಆಗುವುದು ಸಭೆಗೆಲ್ಲ ಗೊತ್ತು. ಆದರೂ ರಾತ್ರಿಯಿಡೀ ನಿದ್ದೆಗೆಟ್ಟು ಕೂರುತ್ತೇವೆ. ಬೆಳಗಾದ ಮೇಲೆ ಕೀಚಕ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ, ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಕೀಚಕನಾಗುತ್ತಾನೆ. ಮುಖವಾಡ ಸೋತ ಜಟ್ಟಿಗೆ ಆ ಅನುಕೂಲವಿಲ್ಲ. ಸೋಲು ನಿಶ್ಚಯವಾಗಿದ್ದಿರಬಹುದು, ಸೋಲಿನಿಂದ ಆಗುವ ನಷ್ಟ ಮಾತ್ರ ನಾಟಕವಲ್ಲ. ಇಪ್ಪತ್ತು ಮೂವತ್ತು ವರ್ಷ ಮೈ ಸವೆಸಿ ಕಟ್ಟಿದ ಹೆಸರು ಆ ಮುಖವಾಡಕ್ಕೆ ಸೇರಿದ್ದು. ಅಂಗಡಿಯಲ್ಲಿ ಮಕ್ಕಳು ಕೊಳ್ಳುವುದು ಅದನ್ನು. ಗೋಡೆಯ ಪತ್ರದಲ್ಲಿ ಅಚ್ಚಾಗುವುದು ಅದು. ಸೋತ ರಾತ್ರಿ ಕೈಗೆ ದೊಡ್ಡ ಮೊತ್ತವೇನೋ ಬರುತ್ತದೆ. ಆದರೆ ಮರುದಿನ ಬೆಳಿಗ್ಗೆ ಅವನು ಯಾರು? ಜನ ಅವನನ್ನು ನೋಡಲು ಇನ್ನೂ ಬರುತ್ತಾರೆಯೆ? ಇದಕ್ಕೆ ಉತ್ತರವನ್ನು ಯಾವ ಒಪ್ಪಂದದಲ್ಲಿಯೂ ಮೊದಲೇ ಬರೆದಿಡಲಾಗದು.

ಪೆಟ್ಟೂ ನಾಟಕವಲ್ಲ. ಹಗ್ಗದ ಮೇಲಿಂದ ಹಾರಿ ನೆಲಕ್ಕೆ ಬೀಳುವ ಮೈಗೆ ನೋವು ನಿಜವಾಗಿಯೇ ಆಗುತ್ತದೆ. ೨೦೧೫ರ ಮಾರ್ಚಿನಲ್ಲಿ ತಿಹುವಾನಾ ನಗರದ ಕಣದಲ್ಲಿ ಪೆರ್ರೊ ಅಗ್ವಾಯೊನ ಮಗ, ಮೂವತ್ತೈದು ವರ್ಷದ ಜಟ್ಟಿ, ಆಡುತ್ತಿರುವಾಗಲೇ ಕತ್ತಿಗೆ ಪೆಟ್ಟಾಗಿ ಪ್ರಾಣಬಿಟ್ಟ. ಆ ತಂದೆಯೂ ಹೆಸರಾಂತ ಜಟ್ಟಿಯೇ.

ಮುಖವಾಡದ ಹಿಂದೆ ಎಂತೆಂಥವರು ಇರುತ್ತಾರೆಂಬುದಕ್ಕೂ ಒಂದು ನಿದರ್ಶನ ಕೊಡಬಹುದು. ಬಿರುಗಾಳಿ ಸನ್ಯಾಸಿ ಎಂಬರ್ಥದ ಫ್ರಾಯ್ ತೊರ್ಮೆಂತಾ ಹೆಸರಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುಸ್ತಿಯಾಡಿದವರು ಸೆರ್ಹಿಯೊ ಗುತಿಯೆರ್ರೆಸ್ ಎಂಬ ಕ್ರೈಸ್ತ ಪಾದ್ರಿಗಳು. ತಾವು ನಡೆಸುತ್ತಿದ್ದ ಅನಾಥ ಮಕ್ಕಳ ಮನೆಗೆ ಅನ್ನ ಬಟ್ಟೆ ಒದಗಿಸಲು ಅವರು ಹಿಡಿದ ದಾರಿ ಇದು. ಹಗಲು ಪೂಜೆ, ರಾತ್ರಿ ಪೆಟ್ಟು.

೨೦೦೦ನೆಯ ಇಸವಿ ಮಾರ್ಚ್ ೧೭

ಮುಖವಾಡದ ಪಣ ಏನೆಂದು ತಿಳಿಯಬೇಕಾದವರಿಗೆ ಹಳಬರು ಒಂದು ರಾತ್ರಿಯನ್ನು ತಪ್ಪದೆ ಹೇಳುತ್ತಾರೆ. ಅರೇನಾ ಮೆಕ್ಸಿಕೋದಲ್ಲಿ ಅಂದು ಎದುರುಬದುರಾದವರು ತೆಕ್ನಿಕೊ ಪಂಗಡದ ಅಟ್ಲಾಂಟಿಸ್ ಮತ್ತು ರೂದೊ ಪಂಗಡದ ಮೂರನೆಯ ವಿಯಾನೊ.

ವಿಯಾನೊ ಎಂದರೆ ಖಳ. ಈ ಖಳರ ಮನೆತನದ ಕಥೆ ಸ್ವಾರಸ್ಯವಾಗಿದೆ. ತಂದೆ ರೇ ಮೆಂದೋಸಾ ಮುಖವಾಡವಿಲ್ಲದೆ ಆಡಿ ವಿಶ್ವಪಟ್ಟ ಗಳಿಸಿದ ಜಟ್ಟಿ. ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿಯಲಿ, ಈ ಪೆಟ್ಟಿನ ಬದುಕು ಬೇಡವೆಂದು ಆತನ ಆಸೆ. ಆದರೆ ಹಿರಿಯ ಹುಡುಗರು ತಂದೆಗೆ ತಿಳಿಯದಂತೆ ಮುಖವಾಡ ತೊಟ್ಟು ಕಣಕ್ಕಿಳಿದೇ ಬಿಟ್ಟರಂತೆ! ಕಡೆಗೆ ಐವರು ಗಂಡುಮಕ್ಕಳೂ ಅದೇ ದಾರಿ ಹಿಡಿದು, ಒಂದರಿಂದ ಐದರವರೆಗೆ ಸಂಖ್ಯೆ ಹಾಕಿಕೊಂಡು ವಿಯಾನೊಗಳಾದರು. ಅವರಲ್ಲಿ ಮೂರನೆಯವನು ಮೂವತ್ತು ವರ್ಷ ಮುಖವಾಡ ಕಾಪಾಡಿಕೊಂಡು, ಎಷ್ಟೋ ಜನರ ಮುಖವಾಡ ಕಳಚಿಸಿದ್ದವನು.

ಆ ರಾತ್ರಿ ಸುತ್ತುಗಳು ಸಮಸಮವಾಗಿ ಹಂಚಿಹೋಗಿ ಮೂರನೆಯದಕ್ಕೆ ಬಂದು ನಿಂತಿತು. ಮೂರನೆಯ ಸುತ್ತಿನಲ್ಲಿ ಅಟ್ಲಾಂಟಿಸ್ ಎದುರಾಳಿಯನ್ನು ಎತ್ತಿ ಹೆಗಲ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದ. ಅದು ಅವನದೇ ಪಟ್ಟು; ಅದಕ್ಕೆ ಅವನದೇ ಹೆಸರು. ವಿಯಾನೊ 'ಸಾಕು' ಎಂದ.

ಮೂವತ್ತು ವರ್ಷದ ಬಳಿಕ ಹಿಂದಿನ ದಾರ ಸಡಿಲವಾಯಿತು. ಹತ್ತಿರಹತ್ತಿರ ನಲವತ್ತೆಂಟು ವರ್ಷದ, ಹಣೆಯ ಮೇಲೆ ಗೆರೆಗಳಿದ್ದ ಒಂದು ಮುಖ ಬೆಳಕಿಗೆ ಬಂತು. ಆರ್ತುರೊ ದಿಯಾಸ್ ಮೆಂದೋಸಾ ಎಂಬ ಹೆಸರು ಕೇಳಿತು. ಖಳನಾಗಿಯೇ ಬಾಳಿದವನಿಗೆ ಸಭೆ ಕೈ ತಟ್ಟಿತು. ಆ ವರ್ಷ ಜಗತ್ತಿನಲ್ಲೆಲ್ಲ ನಡೆದ ವೃತ್ತಿ ಕುಸ್ತಿಗಳಲ್ಲಿ ಇದೇ ಅತ್ಯುತ್ತಮವೆಂದು ಅಮೆರಿಕದ ಪ್ರಸಿದ್ಧ ಕುಸ್ತಿ ಪತ್ರಿಕೆಯೊಂದರ ಓದುಗರು ಆರಿಸಿದರು. ಅವನೂ ಕುಸ್ತಿ ಬಿಡಲಿಲ್ಲ. ಬರಿಯ ಮುಖದಲ್ಲಿ ಆಡುತ್ತ ಮೊದಲಿಗಿಂತ ಹೆಚ್ಚು ಜನರ ಪ್ರೀತಿ ಗಳಿಸಿದ. ೨೦೧೮ರ ಆಗಸ್ಟಿನಲ್ಲಿ ತೀರಿಕೊಂಡಾಗ ಮೂರನೆಯ ವಿಯಾನೊ ಎಂದೇ ಜನ ಅವನನ್ನು ಕಳುಹಿಸಿಕೊಟ್ಟರು.

ಕೈಯಿಂದ ಕೈಗೆ

ಅಲ್ಲಿಂದ ಮುಂದಿನ ಹದಿನೈದು ವರ್ಷಗಳ ಕಥೆ ಸರಪಳಿಯಂತಿದೆ. ಸಂಸ್ಥೆಯ ಎಪ್ಪತ್ತೈದನೆಯ ವಾರ್ಷಿಕೋತ್ಸವ ೨೦೦೮ರ ಸೆಪ್ಟೆಂಬರ್ ೧೯ರಂದು ನಡೆಯಿತು. ಅಂದು ಆ ಮನೆಯ ಐದನೆಯ ವಿಯಾನೊ, ಬ್ಲೂ ಪ್ಯಾಂಥರ್ ಎಂಬ ಜಟ್ಟಿಯನ್ನು ಸೋಲಿಸಿ ಮುಖವಾಡ ಪಡೆದ. ಬ್ಲೂ ಪ್ಯಾಂಥರ್ ಪಟ್ಟುಗಳ ಜಾಣ್ಮೆಗೆ 'ಮೇಷ್ಟ್ರು' ಎಂದು ಹೆಸರಾದವನು. ಹಿಂದಿನ ದಿನವಷ್ಟೇ ಅವನಿಗೆ ನಲವತ್ತೆಂಟು ತುಂಬಿತ್ತು. ಅವನು ಸೋಲುವನೆಂದು ಎಣಿಸದಿದ್ದ ಜನ ಕಣ್ಣೀರಿಟ್ಟರು. ಮುಖವಾಡ ಕಳಚಿ ಹೇಳಿದ ಹೆಸರು ಹೆನಾರೊ ವಾಸ್ಕೆಸ್ ನೆವಾರೆಸ್. ಊರು ದುರಾಂಗೊ ಪ್ರಾಂತದ ಗೋಮೆಸ್ ಪಲಾಸಿಯೊ.

ಆರೇ ತಿಂಗಳು. ೨೦೦೯ರ ಮಾರ್ಚ್ ೨೦ರಂದು ಐದನೆಯ ವಿಯಾನೊ ತನ್ನ ಮುಖವಾಡವನ್ನು ಊಲ್ತಿಮೊ ಗೆರ್ರೆರೊ, ಅಂದರೆ ಕಡೆಯ ಯೋಧ ಎಂಬವನಿಗೆ ಸೋತ. ೨೦೧೪ರ ಸೆಪ್ಟೆಂಬರ್ ೧೯ರಂದು ಆ ಕಡೆಯ ಯೋಧ ತನ್ನದನ್ನು ಅಟ್ಲಾಂಟಿಸನಿಗೆ ಸೋತ. ಅಂದು ಕೇಳಿದ ಹೆಸರು ಹೋಸೆ ಗುತಿಯೆರ್ರೆಸ್. ಊರು, ಮತ್ತೆ, ಗೋಮೆಸ್ ಪಲಾಸಿಯೊ. ಮರುವರ್ಷ ಸೆಪ್ಟೆಂಬರ್ ೧೮ರಂದು ಐವತ್ತು ದಾಟಿದ ಅದೇ ಅಟ್ಲಾಂಟಿಸ್ ಲಾ ಸೋಂಬ್ರಾ ಎಂಬ ತರುಣನ ಮುಖವಾಡ ತೆಗೆಸಿದ. ಆ ತರುಣನ ಹೆಸರು ಮಾನುವೆಲ್ ಆಂದ್ರಾದೆ. ಊರು ಅದೇ ಗೋಮೆಸ್ ಪಲಾಸಿಯೊ. ಅವನು ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಹೋಗಿ, ತನ್ನ ಸ್ವಂತ ಹೆಸರಾದ ಆಂದ್ರಾದೆ ಎಂಬುದರಿಂದಲೇ ಕೀರ್ತಿ ಪಡೆದ.

ಗೋಮೆಸ್ ಪಲಾಸಿಯೊ ಉತ್ತರ ಮೆಕ್ಸಿಕೋದ ಬಿಸಿಲುನಾಡಿನ ಪಟ್ಟಣ. ಪಕ್ಕದ ತೊರೆಯೋನ್ ನಗರದೊಡನೆ ಸೇರಿದ ಆ ಸೀಮೆಗೆ ಲಗೂನಾ ಎಂದು ಹೆಸರು. ನಮ್ಮ ಕೊಲ್ಹಾಪುರದಂತೆ ಜಟ್ಟಿಗಳ ತವರು. ಅಲ್ಲಿನ ಹುಡುಗರು ಪಟ್ಟುಗಳನ್ನು ಕಲಿತು, ರೈಲೋ ಬಸ್ಸೋ ಹತ್ತಿ, ಅನ್ನ ಹುಡುಕಿಕೊಂಡು ರಾಜಧಾನಿಗೆ ಬರುತ್ತಾರೆ. ಅಲ್ಲಿ ಮುಖವಾಡದ ಹೆಸರಿನಿಂದ ಬದುಕುತ್ತಾರೆ. ನೆರೆಮನೆಯವರಿಗೂ ತಾವು ಯಾರೆಂದು ಹೇಳುವಂತಿಲ್ಲ. ಇಡೀ ದೇಶ ಕೇಳುತ್ತಿರುವಾಗ 'ನನ್ನ ಊರು ಇಂಥದು' ಎಂದು ಬಾಯಿಬಿಟ್ಟು ಹೇಳುವ ಅವಕಾಶ ಸಿಗುವುದು ಸೋತ ದಿನ ಮಾತ್ರ.

ಬ್ಲೂ ಪ್ಯಾಂಥರ್ ಏನಾದ? ನೀಲಿ ಮುಖವಾಡ ಹೋದ ಮೇಲೂ ಅದೇ ಹೆಸರಿನಲ್ಲಿ ಬರಿಯ ಮುಖದಿಂದ ಆಡಿದ. ಜನ ಮೇಷ್ಟ್ರನ್ನು ಬಿಡಲಿಲ್ಲ. ೨೦೨೪ರಲ್ಲಿ, ಅರುವತ್ತು ದಾಟಿದ ಮೇಲೂ, ಅರೇನಾ ಮೆಕ್ಸಿಕೋದ ಕಣದಲ್ಲಿ ಕಾಣಿಸಿಕೊಂಡ. ತಂದೆ ಕಳೆದುಕೊಂಡ ಮುಖವಾಡದ ಮಾದರಿಯನ್ನೇ ತೊಟ್ಟು ಅವನ ಮಕ್ಕಳು ಕುಸ್ತಿಗಿಳಿದರು. ಕಡೆಯ ಯೋಧನೂ ಮುಖವಾಡವಿಲ್ಲದೆ ಮುಂಚೂಣಿಯಲ್ಲಿಯೇ ಉಳಿದ. ಎಲ್ಲರಿಗೂ ಹೀಗಾಗುವುದಿಲ್ಲ. ಬಣ್ಣದ ಬಲದಿಂದಷ್ಟೇ ನಿಂತಿದ್ದವರನ್ನು ಜನ ತಿಂಗಳೊಪ್ಪತ್ತಿನಲ್ಲಿ ಮರೆತದ್ದೂ ಉಂಟು. ಕಸುಬು ಕೈಯಲ್ಲಿದ್ದವರು ಉಳಿದರು.

ಊರು ಬಿಟ್ಟು ಊರಿಗೆ ಬಂದು ನೆಲೆಸಿದ ನಮಗೆ ಈ ಮಾತು ತೀರ ಅಪರಿಚಿತವಲ್ಲ. ಕಚೇರಿಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ, ನಮ್ಮ ಹೆಸರನ್ನೇ ಬೇರೆಯವರ ನಾಲಿಗೆಗೆ ಅನುಕೂಲವಾಗುವಂತೆ ತುಂಡರಿಸಿ ಹೇಳುವುದು, ಇವೆಲ್ಲ ನಾವೂ ತೊಟ್ಟಿರುವ ವೇಷಗಳೇ. ಅವುಗಳಿಂದ ಅನ್ನ ಹುಟ್ಟಿದೆ; ಅವುಗಳನ್ನು ಹಳಿಯಬೇಕಾಗಿಲ್ಲ. ಆದರೆ ಸಂಘದ ಸಭೆಯಲ್ಲಿ ಹೊಸಬರು ಕಂಡಾಗ ನಾವು ಮೊದಲು ಕೇಳುವ ಪ್ರಶ್ನೆಗಳು ಯಾವುವು? ತಮ್ಮ ಹೆಸರು? ಯಾವ ಊರಾಯಿತು? ಇಲ್ಲಿಗೆ ಬಂದು ಎಷ್ಟು ವರ್ಷ? ಅರೇನಾ ಮೆಕ್ಸಿಕೋದ ನಡುವೆ ನಿಂತು ಸೋತ ಜಟ್ಟಿ ಉತ್ತರಿಸುವುದೂ ಇವೇ ಮೂರು ಪ್ರಶ್ನೆಗಳಿಗೆ. ಅವನು ಮುಖವಾಡ ಕೊಟ್ಟು ಈ ಉತ್ತರ ಹೇಳಬೇಕು. ನಮಗೆ ಸಂಘದ ಬಾಗಿಲು ದಾಟಿದರೆ ಸಾಕು. ಹೆಸರನ್ನು ಪೂರ್ತಿಯಾಗಿ, ಊರನ್ನು ತಾಲ್ಲೂಕಿನ ಸಮೇತ ಹೇಳಬಹುದು. ಮಕ್ಕಳನ್ನೂ ಜೊತೆಗೆ ಕರೆತಂದು ಹೇಳಿಸಿದರೆ ಇನ್ನೂ ಒಳ್ಳೆಯದು.